ಜಾಮೀನು ಸಿಕ್ಕಿದ್ರೂ ಮಗ ಯಾಕೆ ಇನ್ನೂ ಜೈಲಲ್ಲಿದಾನೆ?

ನಮ್ಮ ಬೀದಿ ಕೊನೇ ಮನೆ ಅಮ್ಮನ ಜೊತೆ ಒಂದೇ ತಿಂಗಳಲ್ಲಿ ಮೂರು ಸಲ ಕೋರ್ಟಿಗೆ ಹೋಗಿ ಬಂದಿದೀನಿ. ಗ್ಯಾರೇಜಲ್ಲಿ ಕೆಲಸ ಮಾಡ್ತಿದ್ದ ಅವರ ಮಗನ್ನ ಬೈಕ್ ಕಳ್ಳತನದ ಕೇಸಲ್ಲಿ ಹಿಡ್ಕೊಂಡು ಹೋಗಿದ್ರು. ಅವನು ಕದ್ದಿದ್ನೋ ಇಲ್ವೋ ನಂಗೆ ಗೊತ್ತಿಲ್ಲ, ಕೋರ್ಟು ಇನ್ನೂ ಏನೂ ಹೇಳಿಲ್ಲ. ಆದ್ರೆ ಜಾಮೀನು ಸಿಕ್ಕಿತ್ತು, ಐವತ್ತು ಸಾವಿರದ ಬಾಂಡು, ಅಷ್ಟೇ ಮೊತ್ತಕ್ಕೆ ಒಬ್ಬರು ಶ್ಯೂರಿಟಿ ಅಂತ, ಅಂದ್ರೆ ಇವನು ಕೋರ್ಟಿಗೆ ಬರ್ತಾನೆ ಅಂತ ಹೊಣೆ ಹೊರೋರು. ಶ್ಯೂರಿಟಿ ನಿಲ್ಲೋಕೆ ಆಯಮ್ಮನ ಮೈದುನ ಊರಿಂದ ರಾತ್ರಿ ಬಸ್ಸಲ್ಲಿ ಬಂದಿದ್ದ, ಪಹಣಿನ ಬಟ್ಟೆ ಅಂಗಡಿ ಕವರಲ್ಲಿ ನಾಲ್ಕು ಮಡಿಕೆ ಮಡಚಿ ತಂದಿದ್ದ. ಅದನ್ನ ನೋಡಿದ ಗುಮಾಸ್ತರು "ಇದು ತೀರ್ಕೊಂಡಿರೋ ನಿಮ್ಮಪ್ಪನ ಹೆಸರಲ್ಲೇ ಇದೆಯಲ್ರೀ, ಪೌತಿ ಖಾತೆ ಆಗಿಲ್ಲ, ಇದು ನಡೆಯಲ್ಲ" ಅಂದ್ರು. ಎರಡೆಕರೆ ಹೊಲ ಇದೆ, ಅವನೇ ಉಳ್ತಾನೆ, ಆದ್ರೆ ಕಾಗದದಲ್ಲಿ ಅವನದಲ್ಲ. ಮಗ ಅವತ್ತು ಬರ್ಲಿಲ್ಲ.

ಆಮೇಲೆ ಇದರ ಹಿಂದೆಮುಂದೆ ಓದ್ತಾ ಹೋದೆ, 1978ರ ಒಂದು ಕೇಸು ಸಿಕ್ತು. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನು, ಮೋತಿರಾಮ್ ಕೇಸು ಅಂತಾರೆ. ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿದ್ರೂ ಕೆಳಗಿನ ಮ್ಯಾಜಿಸ್ಟ್ರೇಟು 10,000 ರೂಪಾಯಿ ಶ್ಯೂರಿಟಿ ಕೇಳಿದ್ರು, ಅಣ್ತಮ್ಮ ಶ್ಯೂರಿಟಿಗೆ ಬಂದ್ರೆ ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಆಗಲ್ಲ ಅಂದ್ಬಿಟ್ರು. ಜಸ್ಟಿಸ್ ವಿ.ಆರ್. ಕೃಷ್ಣ ಅಯ್ಯರ್ ಆ ತೀರ್ಪಲ್ಲಿ ಒಂದು ಮಾತು ಕೇಳ್ತಾರೆ: ಒಬ್ಬ ಮಲಯಾಳಿನೋ ಕನ್ನಡಿಗನೋ ತಮಿಳನೋ ಬಸ್ತರಲ್ಲೋ ಚಾಂದನಿ ಚೌಕಲ್ಲೋ ಅರೆಸ್ಟ್ ಆದ್ರೆ ಅಲ್ಲಿ ಆಸ್ತಿ ಇರೋ ಶ್ಯೂರಿಟಿನ ಅವನು ಎಲ್ಲಿಂದ ತರಬೇಕು ಅಂತ. ಆ ಗಾರೆ ಕೆಲಸದವನನ್ನ ಅವನದೇ 1,000 ರೂಪಾಯಿ ಮುಚ್ಚಳಿಕೆ ಮೇಲೆ ಬಿಡಿ ಅಂದ್ರು. ಹತ್ತತ್ರ ಐವತ್ತು ವರ್ಷದ ಹಿಂದಿನ ಮಾತಿದು, ನಾನು ಕೋರ್ಟಲ್ಲಿ ಕಂಡಿದ್ದೂ ಅದೇ ಕಥೆ, ಹೆಸರು ಮಾತ್ರ ಬೇರೆ.

ಅದರ ಮಾರನೇ ವರ್ಷವೇ, 1979ರಲ್ಲಿ, ಬಿಹಾರದ ಹುಸೇನಾರಾ ಖಾತೂನ್ ಕೇಸು ಬಂತು. ಪೊಲೀಸ್ ಅಧಿಕಾರಿ ಆಗಿದ್ದ ಕೆ.ಎಫ್. ರುಸ್ತಮ್‌ಜಿ ಅಲ್ಲಿನ ಜೈಲುಗಳ ಬಗ್ಗೆ ಪೇಪರಲ್ಲಿ ಬರೆದ್ರು, ಅದನ್ನ ಓದಿದ ವಕೀಲೆ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿಗೆ ಹೋದ್ರು. ತಮ್ಮ ಮೇಲಿದ್ದ ಆರೋಪಕ್ಕೆ ಪೂರ್ತಿ ಶಿಕ್ಷೆ ಆಗಿದ್ರೂ ಎಷ್ಟು ವರ್ಷ ಆಗ್ತಿತ್ತೋ ಅದಕ್ಕಿಂತ ಹೆಚ್ಚು ವರ್ಷ ವಿಚಾರಣೆನೇ ಇಲ್ಲದೆ ಒಳಗೆ ಕೂತಿದ್ದ ಗಂಡಸರು, ಹೆಂಗಸರು, ಮಕ್ಕಳು ಕೂಡ ಇದ್ರು. ಬೇಗ ವಿಚಾರಣೆ ಆಗೋದು ಬದುಕೋ ಹಕ್ಕಿನ ಭಾಗ ಅಂತ ಕೋರ್ಟ್ ಹೇಳಿದ್ದು ಅವಾಗ. 1977ರ ಏಪ್ರಿಲ್‌ನಲ್ಲಿ ದೇಶದ ಜೈಲುಗಳಲ್ಲಿ ಇದ್ದೋರಲ್ಲಿ ಹೆಚ್ಚುಕಮ್ಮಿ ನೂರಕ್ಕೆ 55 ಜನ ವಿಚಾರಣಾ ಬಂಧಿಗಳು, ಅಂದ್ರೆ ಕೇಸು ತೀರ್ಮಾನ ಆಗದೇ ಒಳಗಿದ್ದೋರು. 2022ರ ಕೊನೇಲಿ ಒಟ್ಟು 5,73,220 ಜನರಲ್ಲಿ 4,34,302 ಜನ ವಿಚಾರಣಾ ಬಂಧಿಗಳು, ಅಂದ್ರೆ ನೂರಕ್ಕೆ 75ಕ್ಕೂ ಮೇಲೆ. ಇಷ್ಟೆಲ್ಲ ತೀರ್ಪು ಬಂದ ಮೇಲೂ ಸಂಖ್ಯೆ ಏರಿದೆ, ಇದನ್ನ ಓದಿದಾಗ ನಂಗೆ ನಿಜವಾಗ್ಲೂ ಸಂಕಟ ಆಯ್ತು.

ಇದರ ಬೇರು ಹಳೇದು. 1894ರ ಪ್ರಿಸನ್ಸ್ ಆ್ಯಕ್ಟ್ ತೆಗೆದು ನೋಡಿ, ವಿಚಾರಣಾ ಬಂಧಿಗಳನ್ನ ಸಜಾ ಬಂಧಿಗಳಿಂದ, ಅಂದ್ರೆ ಶಿಕ್ಷೆ ಆದವರಿಂದ, ಬೇರೆ ಇಡಬೇಕು, ಅವರು ಮನೆಯಿಂದ ಊಟ ಬಟ್ಟೆ ಹಾಸಿಗೆ ತರಿಸ್ಕೋಬಹುದು ಅಂತೆಲ್ಲ ಇದೆ. ಓದೋಕೆ ಒಳ್ಳೇದಾಗೇ ಕಾಣುತ್ತೆ. ಆದ್ರೆ ಇದರ ಹಿಂದಿರೋ ಲೆಕ್ಕ ಏನು ಅಂದ್ರೆ ಇವನು ನಾಲ್ಕು ದಿನ ಇದ್ದು ಹೋಗೋನು, ಇವನಿಗೆ ನಾವೇನೂ ಮಾಡಬೇಕಿಲ್ಲ ಅನ್ನೋದು. ಜೈಲಿನ ಗುರಿ ಮನುಷ್ಯನ್ನ ತಿದ್ದೋದು ಅಂತ 1919-20ರ ಜೈಲು ಸಮಿತಿ ಹೇಳ್ತು, ಅಲ್ಲಿಂದಾಚೆ 1980-83ರ ಜಸ್ಟಿಸ್ ಮುಲ್ಲಾ ಸಮಿತಿವರೆಗೂ ಸುಧಾರಣೆ ಮಾತು ಬೆಳೀತಾ ಬಂತು, ಆದ್ರೆ ಅದರಿಂದ ಹುಟ್ಟಿದ ಒಳ್ಳೇ ಕೆಲಸಗಳೆಲ್ಲ ಬಹುಮಟ್ಟಿಗೆ ಶಿಕ್ಷೆ ಆದವರಿಗೇ ಹೋದ್ವು. ಪೆರೋಲ್ ಇರೋದು ಅವರಿಗೆ, ಕೆಲಸ ಕೊಟ್ಟು ಕೂಲಿ ಕೊಡೋದೂ ಮುಖ್ಯವಾಗಿ ಅವರಿಗೇ. ಜೈಪುರದ ಹತ್ರ ಸಾಂಗಾನೇರ್ ಬಯಲು ಬಂದೀಖಾನೆ ಇದೆ, 1963ರಿಂದ ನಡೀತಿದೆ, ಅಲ್ಲಿ ಕೈದಿಗಳು ಹೆಂಡ್ತಿ ಮಕ್ಕಳ ಜೊತೆ ಇದ್ಕೊಂಡು ಬೆಳಗ್ಗೆ ಊರೊಳಗೆ ಕೆಲಸಕ್ಕೆ ಹೋಗಿ ಸಂಜೆ ಹಾಜರಿಗೆ ವಾಪಸ್ ಬರ್ತಾರೆ. ನಮ್ಮ ಮೈಸೂರು ಜೈಲಲ್ಲಿ ರಂಗಾಯಣದ ಹುಲುಗಪ್ಪ ಕಟ್ಟೀಮನಿ ಜೀವಾವಧಿ ಕೈದಿಗಳಿಂದ ನಾಟಕ ಮಾಡಿಸಿದ್ರು, ಅವರನ್ನ ಹೊರಗಿನ ವೇದಿಕೆಗೂ ಕರ್ಕೊಂಡು ಬಂದ್ರು. ಇವೆಲ್ಲ ಬೇಕೇಬೇಕು, ಇನ್ನೂ ಹತ್ತರಷ್ಟು ಬೇಕು. ಆದ್ರೆ ಮುಕ್ಕಾಲು ಜನ ಈ ಲೆಕ್ಕದಿಂದಲೇ ಹೊರಗೆ. ಅಪರಾಧಿ ಅಂತ ಸಾಬೀತಾದವನಿಗೆ ದಾರಿ ಇದೆ, ಇನ್ನೂ ಸಾಬೀತಾಗದವನಿಗೆ ಇಲ್ಲ.

ಬೆಂಗಳೂರಿಗೂ ಈ ಚರಿತ್ರೆಯಲ್ಲಿ ದೊಡ್ಡ ಪಾಲಿದೆ. ಫ್ರೀಡಂ ಪಾರ್ಕ್ ಇದೆಯಲ್ಲ, ಈಗ ಧರಣಿ ಕೂರೋ ಜಾಗ, ಅದು ಹಳೇ ಸೆಂಟ್ರಲ್ ಜೈಲು, ಕಾವಲು ಗೋಪುರ ಇನ್ನೂ ನಿಂತಿದೆ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನ ಇಟ್ಟಿದ್ದೂ ಅಲ್ಲೇ. 1984ರ ಏಪ್ರಿಲಲ್ಲಿ ಬೆಂಗಳೂರು ಸೆಂಟ್ರಲ್ ಜೈಲಿನ ಒಬ್ಬ ಕೈದಿ ಊಟ ತಿನ್ನೋ ಹಾಗಿಲ್ಲ, ಹಿಂಸೆ ಕೊಡ್ತಾರೆ, ಕೂಲಿ ಸರಿಯಾಗಿ ಕೊಡ್ತಿಲ್ಲ ಅಂತ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಕಾಗದ ಬರೆದ. ಆ ಕಾಗದವೇ ರಿಟ್ ಅರ್ಜಿ ಆಯ್ತು, ಅದೇ ರಾಮಮೂರ್ತಿ ಕೇಸು, ತೀರ್ಪು ಬಂದಿದ್ದು 1996ರ ಡಿಸೆಂಬರಲ್ಲಿ. ಹನ್ನೆರಡು ವರ್ಷ! ಜೈಲುಗಳ ಒಂಬತ್ತು ಸಮಸ್ಯೆ ಪಟ್ಟಿ ಮಾಡಿದ್ರು ಅದರಲ್ಲಿ, ಮೊದಲನೇದು ಕಿಕ್ಕಿರಿದ ಜನ, ಎರಡನೇದು ವಿಚಾರಣೆ ತಡ ಆಗೋದು. ಜೈಲು ಆಮೇಲೆ ಪರಪ್ಪನ ಅಗ್ರಹಾರಕ್ಕೆ ಹೋಯ್ತು, ಆ ಎರಡು ಸಮಸ್ಯೆನೂ ಜೊತೆಗೇ ಹೋದ್ವು.

ಕಾನೂನು ಸುಮ್ನೆ ಕೂತಿಲ್ಲ ಅನ್ನೋದನ್ನೂ ಹೇಳಬೇಕು. ಕ್ರಿಮಿನಲ್ ಕೇಸು ಹೇಗೆ ನಡೀಬೇಕು ಅಂತ ಹೇಳ್ತಿದ್ದ ಸಿಆರ್‌ಪಿಸಿ ಕಾನೂನಿಗೆ 2005ರಲ್ಲಿ ಆದ ತಿದ್ದುಪಡಿಯಲ್ಲಿ ಎರಡು ವಿಷಯ ಬಂತು, ಒಂದು, ಜಾಮೀನು ಹಕ್ಕಾಗೇ ಸಿಗೋ ಸಣ್ಣ ಕೇಸುಗಳಲ್ಲಿ ಒಂದು ವಾರದೊಳಗೆ ಶ್ಯೂರಿಟಿ ಕೊಡೋಕಾಗದೇ ಇದ್ರೆ ಅವನು ಬಡವ ಅಂತಲೇ ತಿಳ್ಕೊಂಡು ಮುಚ್ಚಳಿಕೆ ಮೇಲೆ ಬಿಡಬೇಕು. ಇನ್ನೊಂದು, ಗರಿಷ್ಠ ಶಿಕ್ಷೆಯ ಅರ್ಧ ಕಾಲ ಒಳಗೇ ಕಳೆದವನನ್ನ ಬಿಡಬೇಕು. ಬೈಕ್ ಕಳ್ಳತನ ನಾನ್ ಬೇಲಬಲ್, ಅಂದ್ರೆ ಜಾಮೀನು ಕೊಡೋದು ಬಿಡೋದು ಕೋರ್ಟಿಗೆ ಬಿಟ್ಟಿದ್ದು, ಹಾಗಾಗಿ ಮೊದಲನೇದು ನಮ್ಮ ಹುಡುಗನಿಗೆ ಹತ್ತಲೇ ಇಲ್ಲ. ಆ ಸಿಆರ್‌ಪಿಸಿ ಜಾಗಕ್ಕೆ 2024ರ ಜುಲೈ 1ಕ್ಕೆ ಜಾರಿಗೆ ಬಂದ ಹೊಸ ಕಾನೂನಾದ ಬಿಎನ್‌ಎಸ್‌ಎಸ್ 479ನೇ ಕಲಮು ಹಿಂದೆ ಯಾವ ಕೇಸಲ್ಲೂ ಶಿಕ್ಷೆ ಆಗದವರಿಗೆ ಅರ್ಧ ಅಲ್ಲ, ಮೂರನೇ ಒಂದು ಭಾಗ ಸಾಕು ಅನ್ನುತ್ತೆ, ಹಳೇ ಕೇಸುಗಳಿಗೂ ಇದು ಸೇರುತ್ತೆ ಅಂತ ಸುಪ್ರೀಂ ಕೋರ್ಟ್ ಅದೇ ಆಗಸ್ಟಲ್ಲಿ ಹೇಳ್ತು. ಆದ್ರೆ ಒಬ್ಬನ ಮೇಲೆ ಒಂದಕ್ಕಿಂತ ಹೆಚ್ಚು ಕೇಸಿದ್ರೆ ಈ ಅನುಕೂಲ ಇಲ್ಲ. ಒಂದು ಬೈಕಿನ ಜೊತೆ ಇನ್ನೆರಡು ಹಳೇ ಬೈಕಿನ ಕೇಸೂ ತಲೆ ಮೇಲೆ ಬಿದ್ರೆ ಆ ಬಾಗಿಲು ಮುಚ್ತು.

ದುಡ್ಡಿಲ್ಲದೆ ಕೂತವರಿಗೆ 2023ರಲ್ಲಿ ಕೇಂದ್ರದ ಸ್ಕೀಮೂ ಬಂತು, ಶುರುವಲ್ಲಿ ಅದು ವಿಚಾರಣಾ ಬಂಧಿಗೆ 40,000 ರೂಪಾಯಿವರೆಗೆ, ದಂಡ ಕಟ್ಟೋಕಾಗದ ಸಜಾ ಬಂಧಿಗೆ 25,000ದವರೆಗೆ ಅಂತ ಇತ್ತು. ಜಾಮೀನು ಸಿಕ್ಕಿ ಏಳು ದಿನ ಆದ್ರೂ ಹೊರಗೆ ಬರದೇ ಇದ್ರೆ ಜೈಲಿನವರೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ ನಿಯಮ. ನಿಮಗೆ ಗೊತ್ತಿರೋರು ಯಾರಾದ್ರೂ ಹೀಗೆ ಸಿಕ್ಕಾಕೊಂಡಿದ್ರೆ ಕೋರ್ಟ್ ಆವರಣದಲ್ಲೇ ಇರೋ ಆ ಆಫೀಸಿಗೆ ಹೋಗಿ ಕೇಳಿ, ಅರ್ಜಿಗೆ ದುಡ್ಡು ಕೊಡಬೇಕಿಲ್ಲ. ನಮಗೆ ಅವತ್ತು ಅದು ಗೊತ್ತೇ ಇರ್ಲಿಲ್ಲ, ಯಾರೂ ಹೇಳೂ ಇಲ್ಲ.

ಕೊನೆಗೆ ಶ್ಯೂರಿಟಿ ನಿಂತಿದ್ದು ಬೀದಿ ತುದಿಯ ಹಿಟ್ಟಿನ ಗಿರಣಿಯವರು, ಮನೆ ಖಾತಾ, ಕಂದಾಯದ ರಸೀದಿ ಎಲ್ಲ ಹಿಡ್ಕೊಂಡು ಒಂದು ದಿನ ಗಿರಣಿ ಬಾಗಿಲು ಹಾಕಿ ಬಂದ್ರು. ಆರ್ಡರ್ ಜೈಲಿಗೆ ಮುಟ್ಟಿದ್ದು ಸಂಜೆ ತಡವಾಗಿ, ಬಿಟ್ಟಿದ್ದು ಮಾರನೇ ದಿನ. ಜಾಮೀನಾಗಿ ಹತ್ತೊಂಬತ್ತು ದಿನ ಆಗಿತ್ತು. ಕೈಯಲ್ಲೊಂದು ಕವರು, ಅದರಲ್ಲಿ ಲುಂಗಿ, ಟವಲ್ಲು. ಗೇಟಿಂದ ಬಂದವನೇ ಕೇಳಿದ್ದು, "ಅಮ್ಮ, ಗ್ಯಾರೇಜಿಗೆ ಫೋನ್ ಮಾಡಿದ್ಯಾ?" ಅಲ್ಲಿ ಆಗ್ಲೇ ಬೇರೆ ಹುಡುಗನ್ನ ಇಟ್ಕೊಂಡಿದ್ರು. ಆಯಮ್ಮ ನನ್ನ ಮುಖ ನೋಡಿ, "ಮೊದ್ಲು ಊಟ ಮಾಡು ಬಾ ಮಗಾ" ಅಂದ್ರು.