ಅವೆನ್ಯೂ: ಮರದ ಸಾಲಿನಿಂದ ಬೋರ್ಡಿನವರೆಗೆ

ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಅವೆನ್ಯೂ ಅನ್ನೋ ರಸ್ತೆಗಳು ಸುಮಾರಾಗಿ ಉತ್ತರ–ದಕ್ಷಿಣಕ್ಕೆ ಹೋಗುತ್ತವೆ. ಡೆನ್ವರ್‌ನಲ್ಲಿ ಪೂರ್ವ–ಪಶ್ಚಿಮಕ್ಕೆ. ಅರಿಜೋನಾದ ಟೂಸಾನ್‌ನಲ್ಲಂತೂ ಓರೆಯಾಗಿ ಹೋಗುವ ಕೆಲವು ರಸ್ತೆಗಳಿಗೆ ಸ್ಟ್ರೀಟನ್ನೂ ಅವೆನ್ಯೂವನ್ನೂ ಬೆಸೆದು ‘ಸ್ಟ್ರಾವೆನ್ಯೂ’ ಅಂತ ಹೆಸರಿಟ್ಟಿದ್ದಾರೆ. ತಮಾಷೆಗಲ್ಲ, ಅಂಚೆ ವಿಳಾಸದಲ್ಲೂ ಅದು ನಡೆಯುತ್ತದೆ.

ಮೊದಮೊದಲು ಅವೆನ್ಯೂ ಅನ್ನೋ ಪದಕ್ಕೂ ಪೇಟೆಗೂ ಅಷ್ಟು ನಂಟಿರಲಿಲ್ಲ. ಫ್ರೆಂಚರಲ್ಲಿ ಅದು ಬಂದು ಸೇರುವ ದಾರಿ. ಆಮೇಲೆ ದೊಡ್ಡ ಬಂಗಲೆಗೆ ಹೋಗುವ, ಎರಡೂ ಕಡೆ ಮರವಿರುವ ನೇರ ದಾರಿ. 1667ರಲ್ಲಿ ತೋಟಗಾರ ಆಂದ್ರೆ ಲೆ ನೋತ್ರ್ ಪ್ಯಾರಿಸ್ಸಿನ ಅರಮನೆ ತೋಟದಾಚೆಗೆ ಇಂಥದ್ದೇ ಮರದ ಸಾಲು ಎಳೆದ. ಇವತ್ತಿನ ಷಾನ್ಸೆಲಿಜೆ ಹುಟ್ಟಿದ್ದು ಹಾಗೆ. ಬುಲವಾರ್ಡ್‌ನ ಕಥೆ ಬೇರೆ. 1670ರಲ್ಲಿ 14ನೇ ಲೂಯಿ ಕೋಟೆಗೋಡೆ ಕೆಡವಿಸಿ, ಆ ಜಾಗದಲ್ಲಿ ಮರ ನೆಡಿಸಿದ. ಅಂದರೆ ಬುಲವಾರ್ಡ್ ಊರನ್ನು ಸುತ್ತುವ ದಾರಿ, ಅವೆನ್ಯೂ ಎಲ್ಲಿಗೋ ಮುಟ್ಟಿಸುವ ದಾರಿ.

ಈ ಮುಟ್ಟಿಸುವ ಗುಣವನ್ನು ಅಮೆರಿಕಕ್ಕೆ ಒಯ್ದವನು ಫ್ರಾನ್ಸಿನಲ್ಲಿ ಹುಟ್ಟಿದ ಎಂಜಿನಿಯರ್ ಪಿಯರ್ ಲಾಂಫಾಂ. 1791ರ ಅವನ ವಾಷಿಂಗ್ಟನ್ ನಕ್ಷೆಯಲ್ಲಿ ದೊಡ್ಡ ಅವೆನ್ಯೂಗಳ ಅಗಲ 160 ಅಡಿ. ನಡುವೆ ಗಾಡಿಗಳಿಗೆ 80 ಅಡಿ, ಎರಡೂ ಬದಿಗೆ ಮರಗಳಡಿ ನಡೆಯಲು ತಲಾ 30 ಅಡಿ, ಮನೆಗಳ ಮುಂದೆ ಇನ್ನೂ ತಲಾ 10 ಅಡಿ. ಆ ನಕ್ಷೆಯಲ್ಲಿ ಪೆನ್ಸಿಲ್ವೇನಿಯಾ ಅವೆನ್ಯೂ ಸಂಸತ್ತನ್ನೂ ಅಧ್ಯಕ್ಷರ ಮನೆಯನ್ನೂ ಸೇರಿಸುತ್ತದೆ. ಪದಕ್ಕೆ ತಕ್ಕ ರಸ್ತೆ ಅಂದರೆ ಇದು.

ಇಪ್ಪತ್ತೇ ವರ್ಷಕ್ಕೆ ನ್ಯೂಯಾರ್ಕ್ ಅದರ ಹುರುಳು ತೆಗೆದುಬಿಟ್ಟಿತು. ಮ್ಯಾನ್‌ಹಟನ್‌ಗೆ ರಸ್ತೆ ಹಾಕಿದ 1811ರ ಯೋಜನೆಯ ಉದ್ದೇಶ ಸೈಟು ಮಾರೋಕೆ ಅನುಕೂಲವಾಗುವ ಚೌಕಗಳು. ಉದ್ದಕ್ಕೆ 12 ಅವೆನ್ಯೂ, 100 ಅಡಿ ಅಗಲ. ಅಡ್ಡಕ್ಕೆ 155 ಸ್ಟ್ರೀಟ್, ಹೆಚ್ಚಿನವು 60 ಅಡಿ. ಕೊನೆಯಲ್ಲಿ ನೋಡೋಕೆ ಅರಮನೆಯೂ ಇಲ್ಲ, ಗೋಪುರವೂ ಇಲ್ಲ. ಅವೆನ್ಯೂ ಅಂದರೆ ಸುಮ್ನೆ ಒಂದು ದಿಕ್ಕು, ಒಂದು ನಂಬರು. ಅಲ್ಲಿಂದಾಚೆಗೆ ಅಗಲವೂ ಉಳಿಯಲಿಲ್ಲ: 1830ರ ದಶಕದಲ್ಲಿ ನಡುವೆ ತೂರಿಸಿದ ಲೆಕ್ಸಿಂಗ್ಟನ್ ಅವೆನ್ಯೂ 75 ಅಡಿ, ಅದನ್ನು ಅಡ್ಡ ಹಾಯುವ 42ನೇ ಸ್ಟ್ರೀಟ್ 100 ಅಡಿ! ಹೆಸರು ನೋಡಿ ಅಗಲ ಊಹಿಸಿದರೆ ಕೆಟ್ಟಿರಿ.

ಆದರೂ ಜನಕ್ಕೆ ಆ ನಂಬರೇ ಜಾಸ್ತಿ ಇಷ್ಟ. 1945ರಲ್ಲಿ ಆರನೇ ಅವೆನ್ಯೂಗೆ ‘ಅವೆನ್ಯೂ ಆಫ್ ದಿ ಅಮೆರಿಕಾಸ್’ ಅಂತ ದೊಡ್ಡ ಹೆಸರು ಕೊಟ್ಟರು. ಊರವರು ಸಿಕ್ಸ್ತ್ ಅವೆನ್ಯೂ ಅನ್ನೋದನ್ನು ಬಿಡಲೇ ಇಲ್ಲ. ಕೊನೆಗೆ ಬೋರ್ಡುಗಳಲ್ಲಿ ಹಳೆಯ ಹೆಸರನ್ನೂ ಮತ್ತೆ ಹಾಕಬೇಕಾಯಿತು.