ಎರಡು ತಿಂಗಳ ಹವಾಲ್ದಾರ

ಪುಣೆಯಲ್ಲಿ ಹವಾಲ್ದಾರ ಎಂದರೆ ಚೌಕದಲ್ಲಿ ನಿಂತ ಪೊಲೀಸ್. ಧಾರವಾಡದ ಕಡೆಯಿಂದ ಬಂದ ನಮ್ಮವರೂ ಈ ಅರ್ಥಕ್ಕೆ ಬೇಗ ಒಗ್ಗಿಕೊಳ್ಳುತ್ತಾರೆ. ಶಿವಾಜಿಯ ಕಾಲದಲ್ಲಿ ಆ ಪದಕ್ಕೆ ತೂಕ ಹೆಚ್ಚಿತ್ತು. ಕೋಟೆಯ ಉಸ್ತುವಾರಿ ಅವನದೇ. ಕಾಲಾಳು ಪಡೆಯಲ್ಲಿ ಸುಮಾರು ಹತ್ತು ಜನರಿಗೊಬ್ಬ ನಾಯಕ, ಐವರು ನಾಯಕರ ಮೇಲೊಬ್ಬ ಹವಾಲ್ದಾರ. ಇಂಗ್ಲಿಷರು ಹೆಸರುಗಳನ್ನು ಇಟ್ಟುಕೊಂಡು ಅಧಿಕಾರವನ್ನು ಮೊಟಕುಗೊಳಿಸಿದರು. ಚಿತ್ರದುರ್ಗದಲ್ಲಿ ಆಳುವವರ ಬಿರುದಾಗಿದ್ದ 'ನಾಯಕ' ಸೈನ್ಯದಲ್ಲಿ ತೋಳಿನ ಎರಡು ಪಟ್ಟಿ ಮಾತ್ರ!

ಅರೆಕಾಲಿಕ ಸೈನ್ಯಕ್ಕೂ ಹುದ್ದೆಗಳ ಇದೇ ಏಣಿ ಬಂತು. 1920ರ ಕಾನೂನು ಭಾರತೀಯರಿಗಾಗಿ ಟೆರಿಟೋರಿಯಲ್ ಪಡೆ ಕಟ್ಟಿತು. ಯುರೋಪಿಯನ್ನರಿಗೆ ಬೇರೆಯದೇ ಪಡೆ. ಸ್ವಾತಂತ್ರ್ಯದ ನಂತರ, 1948ರ ಕಾಯಿದೆಯ ಅಡಿಯಲ್ಲಿ ಹುಟ್ಟಿದ ಟೆರಿಟೋರಿಯಲ್ ಆರ್ಮಿಯನ್ನು (ಟಿಎ) 1949ರ ಅಕ್ಟೋಬರ್ 9ರಂದು ಗವರ್ನರ್ ಜನರಲ್ ರಾಜಾಜಿ ಉದ್ಘಾಟಿಸಿದರು. ಪುಣೆಯಲ್ಲಿರುವ ಅದರ 101ನೇ ಕಾಲಾಳು ಬೆಟಾಲಿಯನ್ ಮರಾಠಾ ಲೈಟ್ ಇನ್‌ಫೆಂಟ್ರಿಗೆ ಸೇರಿದ್ದು. ಆ ರೆಜಿಮೆಂಟಿನ ಕೇಂದ್ರ ನಮ್ಮ ಬೆಳಗಾವಿ.

ಒಂದು ಪಟ್ಟಿ ಲ್ಯಾನ್ಸ್ ನಾಯಕ್, ಎರಡು ನಾಯಕ್, ಮೂರು ಹವಾಲ್ದಾರ್. ನಾಯಬ್ ಸುಬೇದಾರರಿಂದ ಮೇಲಿನವರನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ, ಅವರು ಜೆಸಿಒಗಳು, ಅಂದರೆ ಜೂನಿಯರ್ ಕಮಿಷನ್ಡ್ ಅಧಿಕಾರಿಗಳು. ಹತ್ತು ಜನರ ಸೆಕ್ಷನ್ ನಡೆಸುವುದು, ಅಂಥ ಕೆಲವು ಸೆಕ್ಷನ್ ಸೇರಿದ ಪ್ಲಟೂನಿನಲ್ಲಿ ಸುಬೇದಾರರ ಬಲಗೈ ಆಗುವುದು ಹವಾಲ್ದಾರನ ಕೆಲಸ. ಹಲವು ಪ್ಲಟೂನ್ ಸೇರಿದ ಕಂಪನಿಯಲ್ಲಿ ಕಂಪನಿ ಹವಾಲ್ದಾರ್ ಮೇಜರ್ ಹಾಜರಿ, ಶಿಸ್ತು, ಪಹರೆಯ ಸರದಿ ನೋಡಿಕೊಳ್ಳುತ್ತಾನೆ.

ಇಷ್ಟು ಯಾವ ಪಲ್ಟನ್ನಿನಲ್ಲೂ ಇದ್ದದ್ದೇ. ಟಿಎ ಜವಾನನಿಗೆ ಬೇರೊಂದು ಜೀವನೋಪಾಯ ಇರಲೇಬೇಕು ಎಂಬ ನಿಯಮ ಮಾತ್ರ ವಿಚಿತ್ರ ನೋಟಗಳನ್ನು ಹುಟ್ಟಿಸುತ್ತದೆ. ಊರಿನಲ್ಲಿ ಅಂಗಡಿ ಮಾಲೀಕನಾದವನು ಶಿಬಿರದಲ್ಲಿ ಸಿಪಾಯಿ, ಅವನಲ್ಲಿ ದುಡಿಯುವ ಆಳು ಹವಾಲ್ದಾರ್ ಆಗಿರಬಹುದು. ಮನೆಗೆ ಮರಳಿದಾಗ ಪಟ್ಟಿ ಉಳಿಯುತ್ತದೆ, ಸೈನ್ಯದ ಸಂಬಳ ನಿಲ್ಲುತ್ತದೆ. ವರ್ಷಕ್ಕೆ ಎರಡು ತಿಂಗಳ ತರಬೇತಿ ಎಂಬುದು ಕಾಲಾಳು ಘಟಕಗಳ ಸಾಮಾನ್ಯ ಲೆಕ್ಕ. ಕಾಶ್ಮೀರಕ್ಕೆ ಕರೆ ಬಂದರೆ ಅದೇ ವರ್ಷಗಟ್ಟಲೆ ಹಿಗ್ಗುತ್ತದೆ. ಹತ್ತು ತಿಂಗಳು ಬಂದೂಕು ಮುಟ್ಟದವನ ಕೈಗೆ ಮೊದಲ ವಾರದಲ್ಲೇ ಹಳೆಯ ಹಿಡಿತ ತರಿಸಬೇಕಾದವನು ನಾಯಕ್. ಯಾರ ಹೊಲದಲ್ಲಿ ಕೊಯ್ಲಿದೆ, ಯಾರಿಗೆ ಮಾಲೀಕ ರಜೆ ಕೊಡಲು ಸತಾಯಿಸಿದ ಎಂಬುದೂ ಅವನಿಗೆ ಗೊತ್ತಿರಬೇಕು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಷ್ಟದ ಹುದ್ದೆ ಕ್ವಾರ್ಟರ್‌ಮಾಸ್ಟರ್ ಹವಾಲ್ದಾರನದು. ಬಂದವರಿಗೆಲ್ಲ ಬೂಟು, ಕಂಬಳಿ, ಬಂದೂಕು ಕೊಟ್ಟು, ಹೋಗುವಾಗ ಒಂದೊಂದನ್ನೂ ಎಣಿಸಿ ಪಡೆಯಬೇಕು. ರೈಲು ಹಿಡಿಯುವ ಅವಸರದಲ್ಲಿರುವವರ ಸಾಲಿನ ಎದುರು ಅವನು ಪುಸ್ತಕ ತೆರೆದು ಕೂರುತ್ತಾನೆ.