ಒಂದು ಹನಿ ರಕ್ತಕ್ಕೆ ಶಾರ್ಕ್ ಬರುತ್ತಾ?

ಪ್ರಶ್ನೆ: ಕಾಲಲ್ಲಿ ಚಿಕ್ಕ ಗಾಯ ಇದೆ. ಸಮುದ್ರಕ್ಕೆ ಇಳಿದರೆ ರಕ್ತದ ವಾಸನೆಗೆ ಶಾರ್ಕ್ ಬರುತ್ತಾ? ಶಾರ್ಕ್, ಚಪ್ಪಟೆ ಮೈಯ ತೊರಕೆ ಮೀನು ಎಲ್ಲ ಮನುಷ್ಯರಿಗೆ ಅಪಾಯ ತಾನೇ?

ಉತ್ತರ: ಒಂದು ಹನಿ ರಕ್ತ ಮೂಸಿಕೊಂಡು ಕಿಲೋಮೀಟರ್ ದೂರದಿಂದ ಯಾವ ಶಾರ್ಕೂ ಬರುವುದಿಲ್ಲ. ಇದನ್ನು ಎಷ್ಟು ಸಲ ಬರೆದಿದ್ದೇನೋ ನನಗೇ ನೆನಪಿಲ್ಲ. ಸುಮ್ನೆ "ಬರಲ್ಲ" ಅಂದರೆ ಯಾರೂ ನಂಬುವುದಿಲ್ಲ. ಆದ್ದರಿಂದ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಮೊದಲು ಸುಲಭದ್ದನ್ನು ಮುಗಿಸೋಣ. ಶಾರ್ಕ್‌ಗಳಲ್ಲಿ 500ಕ್ಕೂ ಜಾಸ್ತಿ ಜಾತಿಗಳಿವೆ. ತುಂಬಾ ಜಾತಿಗಳು ಮನುಷ್ಯನಿಗಿಂತ ಚಿಕ್ಕವು. ಎಲ್ಲಕ್ಕಿಂತ ದೊಡ್ಡದಾದ ತಿಮಿಂಗಿಲ ಶಾರ್ಕ್ ನೀರಲ್ಲಿ ತೇಲುವ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ. ಮನುಷ್ಯರ ಜೀವ ತೆಗೆದ ದಾಳಿಗಳಲ್ಲಿ ಹೆಚ್ಚಿನವು ಮೂರೇ ಜಾತಿಗಳದ್ದು: ದೊಡ್ಡ ಬಿಳಿ ಶಾರ್ಕ್, ಟೈಗರ್ ಶಾರ್ಕ್, ಬುಲ್ ಶಾರ್ಕ್. ಜಗತ್ತಿನ ಇಂಥ ದಾಳಿಗಳ ದಾಖಲೆಯನ್ನು ಅಮೆರಿಕದ ಫ್ಲೋರಿಡಾದಲ್ಲಿ ಕೂತು ಇಡುವವರ ಪ್ರಕಾರ, 2023ರಲ್ಲಿ ಮನುಷ್ಯರು ಕೆಣಕದೆಯೇ ಶಾರ್ಕ್ ಕಚ್ಚಿದ್ದು ಇಡೀ ಜಗತ್ತಿನಲ್ಲಿ 69 ಸಲ. ಅದರಲ್ಲಿ ಸತ್ತವರು 10 ಜನ. ಅಪಾಯವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ವರ್ಷಪೂರ್ತಿ ಕೋಟಿಗಟ್ಟಲೆ ಜನ ಸಮುದ್ರಕ್ಕೆ ಇಳಿಯುತ್ತಾರೆ, ಅಲ್ವಾ?

ಈಗ ರಕ್ತದ ಮಾತು. ಶಾರ್ಕ್‌ನ ಮೂಗು ಚುರುಕು, ಅದು ನಿಜ. ಕೆಲವು ಜಾತಿಗಳು ಸಾವಿರ ಕೋಟಿ ಭಾಗ ನೀರಿನಲ್ಲಿ ಒಂದೇ ಭಾಗ ಇರುವ ವಾಸನೆಯನ್ನೂ ಹಿಡಿಯಬಲ್ಲವು. ಈ ಅಂಕಿ ಕೇಳಿದ ಕೂಡಲೇ ಜನ ಬೆರಗಾಗಿ ಅಲ್ಲಿಗೇ ನಿಂತುಬಿಡುತ್ತಾರೆ. ಮುಂದಿನ ಲೆಕ್ಕ ಮಾಡುವುದಿಲ್ಲ. ಒಂದು ಮಿಲಿಲೀಟರಿಗೆ ಸುಮಾರು 20 ಹನಿ. ಅಂದರೆ ಒಂದು ಹನಿ 0.05 ಮಿಲಿಲೀಟರ್. ಅದರ ಸಾವಿರ ಕೋಟಿ ಪಟ್ಟು ಎಷ್ಟು? 5 ಲಕ್ಷ ಲೀಟರ್. ಒಲಿಂಪಿಕ್ ಈಜುಕೊಳದಲ್ಲಿ ಸುಮಾರು 25 ಲಕ್ಷ ಲೀಟರ್ ನೀರಿರುತ್ತದೆ. ಅದಕ್ಕೆ ಒಂದು ಹನಿ ರಕ್ತ ಹಾಕಿ ಚೆನ್ನಾಗಿ ಕದಡಿದರೆ, ಅತಿ ಚುರುಕು ಮೂಗಿನ ಶಾರ್ಕ್‌ಗೂ ಗೊತ್ತಾಗುವುದಿಲ್ಲ. ಇದೂ ನಾನು ಶಾರ್ಕ್ ಪರವಾಗಿ ಧಾರಾಳವಾಗಿ ಹಾಕಿದ ಲೆಕ್ಕ. ರಕ್ತದಲ್ಲಿ ಬಹುಪಾಲು ನೀರೇ ಇರುವುದು, ಮೂಗಿಗೆ ಹತ್ತುವ ಅಂಶ ಅದರಲ್ಲಿ ಸ್ವಲ್ಪ.

ಇನ್ನು ಸಮುದ್ರ. ನಿಮ್ಮ ಸುತ್ತ ಒಂದು ಕಿಲೋಮೀಟರ್, ಬರೀ 10 ಮೀಟರ್ ಆಳ ಅಂತ ಇಟ್ಟುಕೊಳ್ಳಿ. ಅಷ್ಟರಲ್ಲೇ 3,100 ಕೋಟಿ ಲೀಟರ್ ನೀರಾಯಿತು. ಆ ಹನಿ ವಾಸನೆ ಬರುವಷ್ಟು ಗಟ್ಟಿ ಇರಬೇಕಾದರೆ ನೀರು ಇದಕ್ಕಿಂತ 60,000 ಪಟ್ಟು ಕಡಿಮೆ ಇರಬೇಕಿತ್ತು.

"ರಕ್ತ ಎಲ್ಲ ಕಡೆ ಸಮನಾಗಿ ಹರಡಲ್ಲವಲ್ಲ?" ಅಂತ ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ನಿಜ, ರಕ್ತ ಹರಿವಿನ ಜೊತೆ ಒಂದು ಎಳೆಯಾಗಿ ಸಾಗುತ್ತದೆ. ಆದರೆ ಹರಿವು ಹೋದ ಕಡೆಗೆ ಮಾತ್ರ. ಹರಿವಿನ ವೇಗ ಸೆಕೆಂಡಿಗೆ ಅರ್ಧ ಮೀಟರ್ ಇದ್ದರೂ ಒಂದು ಕಿಲೋಮೀಟರ್ ದಾಟಲು ಅರ್ಧ ಗಂಟೆಗಿಂತ ಜಾಸ್ತಿ ಬೇಕು. ಅಷ್ಟು ಹೊತ್ತಿಗೆ ಅಲೆಗಳು ಆ ಎಳೆಯನ್ನು ಚೂರುಚೂರು ಮಾಡಿರುತ್ತವೆ. ಹತ್ತಿರದಲ್ಲಿ, ಹರಿವು ಹೋಗುವ ಕಡೆ ಇರುವ ಶಾರ್ಕ್‌ಗೆ ವಾಸನೆ ಸಿಕ್ಕೀತು. ಅದು ಯಾವ ಹೊಳ್ಳೆಗೆ ಮೊದಲು ವಾಸನೆ ಬಂತು ಅಂತ ನೋಡಿ ಆ ಕಡೆ ತಿರುಗುತ್ತದೆ. ಎಷ್ಟು ಚೆಂದದ ಏರ್ಪಾಡು! ಆದರೆ ಬೇರೆ ಮೀನುಗಳ ಮೂಗಿಗಿಂತ ಶಾರ್ಕ್‌ನ ಮೂಗು ಮೇಲು ಅಂತ ಪರೀಕ್ಷೆಗಳಲ್ಲಿ ಕಂಡುಬಂದಿಲ್ಲ.

ಇದೇ ಸುಳ್ಳಿನಿಂದ ಹುಟ್ಟಿದ ಇನ್ನೊಂದು ಭಯ: ಮುಟ್ಟಾದ ಹೆಣ್ಣುಮಕ್ಕಳು ಸಮುದ್ರಕ್ಕೆ ಇಳಿಯಬಾರದು ಅನ್ನುವುದು. ಇದಕ್ಕೆ ಯಾವ ಆಧಾರವೂ ಇಲ್ಲ. ಶಾರ್ಕ್ ಕಚ್ಚಿಸಿಕೊಂಡವರಲ್ಲಿ ಹೆಚ್ಚಿನವರು ಗಂಡಸರೇ. ಈ ಮಾತು ಹೇಳಿ ಯಾರನ್ನೂ ದಡದಲ್ಲಿ ಕೂರಿಸಬೇಡಿ, ದಯವಿಟ್ಟು.

ಹಾಗಾದರೆ ಯಾವುದಕ್ಕೆ ಹುಷಾರಾಗಿರಬೇಕು? ಒದ್ದಾಡುವ ಮೀನಿಗೆ. ಈಟಿಯಲ್ಲಿ ಮೀನು ಹೊಡೆದು ಸೊಂಟಕ್ಕೆ ಕಟ್ಟಿಕೊಂಡು ಈಜುವವರು ಕೈಯಾರೆ ಕರೆ ಕೊಟ್ಟಂತೆ. ಗಾಯಗೊಂಡ ಮೀನಿನ ಒದ್ದಾಟದ ಸದ್ದು ಶಾರ್ಕ್‌ಗೆ ದೂರದಿಂದಲೇ ಕೇಳಿಸುತ್ತದೆ. ಮುಸ್ಸಂಜೆ ಹೊತ್ತು, ಕದಡಿದ ನೀರು, ಮೀನು ಕೊಯ್ದು ಕರುಳು ಎಸೆಯುವ ಜಾಗ, ಇವುಗಳಿಂದಲೂ ದೂರ ಇರಿ. ನಿಮ್ಮ ಮೊಣಕಾಲಿನ ತರಚು ಗಾಯ ಈ ಪಟ್ಟಿಯಲ್ಲಿ ಇಲ್ಲ.

ತೊರಕೆಯ ವಿಷಯ ಬೇರೆ. ಅದು ಕಚ್ಚಲು ಬರುವುದಿಲ್ಲ. ಮರಳಲ್ಲಿ ಹೂತುಕೊಂಡು ಮಲಗಿರುತ್ತದೆ, ನಾವೇ ಹೋಗಿ ತುಳಿಯುತ್ತೇವೆ. ಆಗ ಬಾಲ ಮೇಲಕ್ಕೆ ಹೊಡೆಯುತ್ತದೆ. ಬಾಲದ ಮುಳ್ಳನ್ನು ಹತ್ತಿರದಿಂದ ನೋಡಿದರೆ ಎರಡೂ ಅಂಚಿನಲ್ಲಿ ಗರಗಸದ ಹಲ್ಲುಗಳು, ಎಲ್ಲವೂ ಹಿಂದಕ್ಕೆ ಬಾಗಿದವು. ಸಲೀಸಾಗಿ ಒಳಗೆ ಹೋಗುತ್ತದೆ, ಬರುವಾಗ ಮಾಂಸ ಹರಿದುಕೊಂಡು ಬರುತ್ತದೆ. ಮೇಲೆ ವಿಷ ಬೇರೆ. ಸತ್ತ ತೊರಕೆಯ ಮುಳ್ಳೂ ವಿಷವೇ, ಮುಟ್ಟಬೇಡಿ. ಕಾಲಿಗೆ ಚುಚ್ಚಿದರೆ ಸುಡದಷ್ಟು, ಸುಮಾರು 45 ಡಿಗ್ರಿ ಬಿಸಿ ನೀರಿನಲ್ಲಿ ಕಾಲಿಡಿ. ನೋವು ಇಳಿಯುತ್ತದೆ. ಆಮೇಲೆ ಡಾಕ್ಟರಿಗೆ ತೋರಿಸಿ. ಎದೆಗೋ ಹೊಟ್ಟೆಗೋ ಚುಚ್ಚಿದರೆ ಮುಳ್ಳನ್ನು ಕೀಳಬೇಡಿ, ನೇರ ಆಸ್ಪತ್ರೆಗೆ ಹೋಗಿ. 2006ರಲ್ಲಿ ಟಿವಿಯಲ್ಲಿ ಕಾಡುಪ್ರಾಣಿಗಳನ್ನು ತೋರಿಸುತ್ತಿದ್ದ ಆಸ್ಟ್ರೇಲಿಯಾದ ಸ್ಟೀವ್ ಇರ್ವಿನ್ ತೀರಿಕೊಂಡಿದ್ದು ಎದೆಗೆ ಬಿದ್ದ ಇಂಥ ಏಟಿನಿಂದಲೇ. ಅಂಥ ಸಾವು ತೀರಾ ಅಪರೂಪ. ಕಡಿಮೆ ನೀರಲ್ಲಿ ನಡೆಯುವಾಗ ಹೆಜ್ಜೆ ಎತ್ತದೆ ಕಾಲನ್ನು ಮರಳಲ್ಲಿ ಎಳೆದುಕೊಂಡು ನಡೆಯಿರಿ. ಮರಳಿನ ಆ ಕಂಪನಕ್ಕೇ ತೊರಕೆ ಎದ್ದು ಹೋಗುತ್ತದೆ.

ಎಲ್ಲ ತೊರಕೆಗೂ ಈ ಮುಳ್ಳಿಲ್ಲ. ಮಾಂಟಾ ಅನ್ನುವ ದೈತ್ಯ ತೊರಕೆಗಳಿಗೆ ಇಲ್ಲ. ತೊರಕೆಯ ಹಾಗೇ ಕಾಣುವ ಸ್ಕೇಟ್‌ಗಳಿಗೂ ವಿಷದ ಮುಳ್ಳಿಲ್ಲ, ಬೆನ್ನ ಮೇಲೆ ಒರಟು ಮುಳ್ಳುಗಳಿರುತ್ತವೆ ಅಷ್ಟೆ. ಇಲ್ಲಿ ಯಾರೂ ಕೇಳದ ಒಂದು ಮಾತು ಹೇಳಲೇಬೇಕು. ಶಾರ್ಕೋ ತೊರಕೆಯೋ ಅಂತ ಗೊತ್ತು ಮಾಡುವುದು ಹೇಗೆ? ಆಕಾರ ನೋಡಬೇಡಿ, ಕಿವಿರಿನ ಸೀಳು ನೋಡಿ. ಪಕ್ಕದಲ್ಲಿದ್ದರೆ ಶಾರ್ಕ್, ಹೊಟ್ಟೆಯ ಕಡೆ ಇದ್ದರೆ ತೊರಕೆ ಅಥವಾ ಸ್ಕೇಟ್. ಶಾರ್ಕ್‌ನಂತೆ ಉದ್ದ ಮೈ ಇರುವ ಗರಗಸ ಮೀನಿನ ಸೀಳು ಕೆಳಗಿದೆ. ಅಂದರೆ ಅದು ತೊರಕೆಯ ಬಳಗ.

ಸ್ಕೇಟ್ ಮೊಟ್ಟೆ ಇಡುತ್ತದೆ, ಮುಳ್ಳಿನ ತೊರಕೆ ಮರಿಯನ್ನೇ ಹಾಕುತ್ತದೆ. ದಡದಲ್ಲಿ ಕಪ್ಪಗೆ ಚರ್ಮದ ಚೀಲದಂಥದ್ದು, ನಾಲ್ಕು ಮೂಲೆಗೆ ನಾಲ್ಕು ಕೊಂಬು ಇರುವಂಥದ್ದು ಸಿಕ್ಕರೆ ಅದು ಸ್ಕೇಟ್ ಮೊಟ್ಟೆಯ ಕೋಶ. ಬೆಳಕಿಗೆ ಹಿಡಿದು ನೋಡಿ. ಒಳಗೆ ಏನೂ ಇಲ್ಲದೆ, ಒಂದು ತುದಿ ಬಾಯಿ ತೆರೆದಿದ್ದರೆ, ಮರಿ ಆಗಲೇ ಈಜಿ ಹೋಗಿರುತ್ತದೆ.